ಎರಡೂ ಕಡೆ ಎಣಿಸಿ ನೋಡಿ



"ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವಳು ಆಪಾ. ಮಗಳ ಕೆಮಿಸ್ಟ್ರಿ ನನಗೇನು ತಿಳಿಯುತ್ತದೆ?" ಬೈಯಪ್ಪನಹಳ್ಳಿಯಲ್ಲಿ ರೈಲು ಹಳಿಯ ಸಮೀಪದ ಮನೆಯೊಂದರಲ್ಲಿ ತಾಯಿಯೊಬ್ಬರು ನನ್ನಲ್ಲಿ ಕೇಳಿದ ಮಾತಿದು. ನಿಮ್ಮಲ್ಲೂ ಹಲವರು ಹೀಗೆ ಹೇಳಿ ಸುಮ್ಮನಾಗಿರಬಹುದು. ಹತ್ತನೆಯ ತರಗತಿಯ ಮಗಳು ರಾಸಾಯನಿಕ ಸಮೀಕರಣ ಸರಿದೂಗಿಸುವ ಪ್ರಶ್ನೆಗೆ ಸೊನ್ನೆ ಪಡೆದಿದ್ದಳು. "ಪಿಯುಸಿಗೆ ಸೈನ್ಸ್ ಬೇಡವೇ ಬೇಡ" ಎಂದು ಅಳುತ್ತಿದ್ದಳು.

ಪ್ರಶ್ನೆ ಅವರ ಮನೆ ಮುಂದಿನ ಹಳಿಗೇ ಸಂಬಂಧಿಸಿದ್ದು. ಹಳಿಗಳನ್ನು ಬೆಸೆಯಲು ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿಯನ್ನು ಬೆರೆಸಿ ಹೊತ್ತಿಸುತ್ತಾರೆ. ಕಬ್ಬಿಣದ ಬಳಿಯಿರುವ ಆಕ್ಸಿಜನ್ನನ್ನು ಅಲ್ಯೂಮಿನಿಯಂ ಕಸಿದುಕೊಳ್ಳುತ್ತದೆ. ಆಗ ಹುಟ್ಟುವ ಭಾರೀ ಶಾಖಕ್ಕೆ ಕಬ್ಬಿಣ ಕರಗಿ ಹರಿದು ಸಂದನ್ನು ತುಂಬುತ್ತದೆ. ಇದೇ ಥರ್ಮಿಟ್ ಕ್ರಿಯೆ.

ನಾನು ಅಡುಗೆಮನೆಯಿಂದ ಕಾಳು ತರಿಸಿದೆ. ಕಡಲೆ ಕಬ್ಬಿಣ, ಅಲಸಂದೆ ಆಕ್ಸಿಜನ್, ಬಟಾಣಿ ಅಲ್ಯೂಮಿನಿಯಂ. ಎಡಗಡೆ ಕಬ್ಬಿಣದ ಆಕ್ಸೈಡ್: ಎರಡು ಕಡಲೆ, ಮೂರು ಅಲಸಂದೆ. ಅದರ ಜೊತೆಗೆ ಒಂದು ಬಟಾಣಿ. ಬಲಗಡೆ ಒಂದು ಕಡಲೆ ಮತ್ತು ಅಲ್ಯೂಮಿನಿಯಂ ಆಕ್ಸೈಡ್, ಅಂದರೆ ಎರಡು ಬಟಾಣಿ, ಮೂರು ಅಲಸಂದೆ.

"ಈಗ ನೀವೇ ಎಣಿಸಿ" ಎಂದು ತಾಯಿಗೆ ಹೇಳಿದೆ. ಅವರು ಕ್ಷಣದಲ್ಲಿ ಹೇಳಿದರು: "ಎಡಗಡೆ ಒಂದು ಬಟಾಣಿ ಕಡಿಮೆ, ಬಲಗಡೆ ಒಂದು ಕಡಲೆ ಕಡಿಮೆ." ಎರಡನ್ನೂ ಸೇರಿಸಿದರು. ಲೆಕ್ಕ ಮುಗಿಯಿತು!

"ಅಮ್ಮಿ, ನಾನೂ ಎರಡೆರಡೇ ಮಾಡಿದ್ದೆ. ಆದರೂ ತಪ್ಪು ಹಾಕಿದ್ದಾರೆ" ಎಂದಳು ಮಗಳು. ಅವಳ ಪುಸ್ತಕ ನೋಡಿದೆ. ಎರಡನ್ನು ಧಾತುವಿನ ಮುಂದೆ ಬರೆಯುವ ಬದಲು ಅದರ ಕಾಲಬಳಿ ಚಿಕ್ಕದಾಗಿ ಬರೆದಿದ್ದಳು.

ಇಲ್ಲೇ ಹೆಚ್ಚಿನ ಮಕ್ಕಳು ಎಡವುತ್ತಾರೆ. ಕೆಳಗಿನ ಚಿಕ್ಕ ಅಂಕಿ ಪರಮಾಣುಗಳು ಎಷ್ಟೆಷ್ಟು ಸೇರಿ ಆ ವಸ್ತುವಾಗಿದೆ ಎಂದು ಹೇಳುತ್ತದೆ. ಅದನ್ನು ಬದಲಿಸಿದರೆ ವಸ್ತುವೇ ಬದಲಾಗುತ್ತದೆ. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಸೇರಿದರೆ ನೀರು. ಇನ್ನೊಂದು ಆಕ್ಸಿಜನ್ ಸೇರಿಸಿ ಬರೆದರೆ ಅದು ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯಲು ಬಳಸುವ ದ್ರವದಲ್ಲಿರುವುದು ಅದೇ. ಕುಡಿಯಲಾಗದು. ನಾವು ಬದಲಿಸಬಹುದಾದದ್ದು ಮುಂದಿನ ದೊಡ್ಡ ಅಂಕಿಯನ್ನು ಮಾತ್ರ.

ತಾಯಿ ನಕ್ಕು ಹೇಳಿದರು: "ಗೊತ್ತಾಯಿತು ಬಿಡಿ ಆಪಾ. ನೆಂಟರು ಹೆಚ್ಚಾದರೆ ಇನ್ನೊಂದು ಹಂಡೆ ಬಿರಿಯಾನಿ ಮಾಡಬೇಕು. ಇದ್ದ ಹಂಡೆಗೆ ನೀರು ಸುರಿದರೆ ಅದು ಬಿರಿಯಾನಿಯೇ ಅಲ್ಲ." ಇದಕ್ಕಿಂತ ಚೆನ್ನಾಗಿ ನಾನು ಪಾಠ ಮಾಡಲಾರೆ.

ಎರಡೂ ಕಡೆ ಸಮವಾಗಲೇಬೇಕೇಕೆ? ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ, ಜೊತೆ ಬದಲಿಸುತ್ತವೆ ಅಷ್ಟೆ. 160 ಗ್ರಾಂ ಕಬ್ಬಿಣದ ಆಕ್ಸೈಡಿಗೆ 54 ಗ್ರಾಂ ಅಲ್ಯೂಮಿನಿಯಂ ಸೇರಿದರೆ ಒಟ್ಟು 214 ಗ್ರಾಂ. ಸಿಗುವುದು 112 ಗ್ರಾಂ ಕಬ್ಬಿಣ, 102 ಗ್ರಾಂ ಅಲ್ಯೂಮಿನಿಯಂ ಆಕ್ಸೈಡ್. ಕೂಡಿಸಿ ನೋಡಿ, ಅದೇ 214. ಈ ನಿಯಮವನ್ನು ಫ್ರಾನ್ಸಿನ ಲವೋಸಿಯೇ 1789ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಆ ಗ್ರಂಥದ ಚಿತ್ರಗಳನ್ನು ಬರೆದವರು ಅವರ ಪತ್ನಿ ಮೇರಿ ಆನ್. 13ನೆಯ ವಯಸ್ಸಿಗೇ ಮದುವೆಯಾದ ಈ ಮಹಿಳೆ ಆ ಬಳಿಕ ರಸಾಯನಶಾಸ್ತ್ರ ಕಲಿತು, ಇಂಗ್ಲಿಷ್ ಗ್ರಂಥವನ್ನು ಫ್ರೆಂಚಿಗೆ ಅನುವಾದಿಸಿದರು.

ಮದ್ರಸದಲ್ಲಿ ಅರಬಿ ಕಲಿತ ನನಗೆ ಇನ್ನೊಂದು ಪದ ನೆನಪಾಗುತ್ತದೆ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಗಣಿತ ಗ್ರಂಥದ ಹೆಸರಿನಲ್ಲಿ 'ಅಲ್ ಜಬ್ರ್' ಜೊತೆಗೆ 'ಅಲ್ ಮುಕಾಬಲಾ' ಎಂಬ ಪದವೂ ಇದೆ. ಎದುರುಬದುರು ಇಟ್ಟು ನೋಡುವುದು ಎಂದರ್ಥ. ಆ ತಾಯಿ ಕಾಳಿಟ್ಟು ಮಾಡಿದ್ದೂ ಅದನ್ನೇ.

ಸಹೋದರಿಯರೇ, ಮಕ್ಕಳ ಪಕ್ಕದಲ್ಲಿ ಕೂರಲು ಪದವಿ ಬೇಕಾಗಿಲ್ಲ. "ಎಡಗಡೆ ಎಷ್ಟು? ಬಲಗಡೆ ಎಷ್ಟು? ಚಿಕ್ಕ ಅಂಕಿ ಮುಟ್ಟಿಲ್ಲ ತಾನೇ?" ಈ ಮೂರು ಪ್ರಶ್ನೆ ಕೇಳಿದರೆ ಸಾಕು. ಒಂದು ಸೊನ್ನೆಗೆ ಹೆದರಿ ಮಗಳು ವಿಜ್ಞಾನವನ್ನೇ ಬಿಡುವ ಮೊದಲು, ಒಂದು ಹಿಡಿ ಕಾಳು ತೆಗೆದುಕೊಂಡು ಅವಳ ಪಕ್ಕ ಕೂತುಬಿಡಿ.