ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ನಿಮ್ಮ ಕಾರಿನ ರಿಪೇರಿ ಖರ್ಚು ಯಾರದು?

ಚಳ್ಳಕೆರೆಯ ಮಾರುಕಟ್ಟೆ ರಸ್ತೆ. ಶೇಂಗಾ ಮೂಟೆ ಹೊತ್ತ ಟ್ರ್ಯಾಕ್ಟರ್ ಮುಂದೆ ನಿಂತಿದೆ, ಅದರ ಹಿಂದೆ ನಿಮ್ಮ ಕಾರು. ಹಿಂದಿನಿಂದ ಬಂದ ಬೈಕ್ ಬ್ರೇಕ್ ಸಿಗದೆ ಗುದ್ದುತ್ತದೆ. ಯಾರಿಗೂ ಪೆಟ್ಟಾಗಿಲ್ಲ, ಆದರೆ ಬಂಪರ್ ಸೀಳಿದೆ. ಕೇಳಿದರೆ ಬೈಕಿನವರ ಉತ್ತರ: "ಇನ್ಶೂರೆನ್ಸ್ ಮುಗ್ದು ಎರಡು ವರ್ಷ ಆತಣ್ಣ."

ಇದೊಂದು ಊಹೆಯ ಉದಾಹರಣೆ. ಆದರೆ ಇಂಥದ್ದು ನಡೆದಾಗ ಸುತ್ತ ಸೇರಿದವರು ಹೇಳುವ ಮಾತುಗಳು, ವಾಟ್ಸಾಪ್‌ನಲ್ಲಿ ಓಡಾಡುವ ಸಲಹೆಗಳು ಎಲ್ಲರಿಗೂ ಗೊತ್ತಿರುವಂಥವೇ. ಅವುಗಳಲ್ಲಿ ಯಾವುದು ನಿಜ, ಯಾವುದನ್ನು ನಂಬಿದರೆ ಕೈಯಿಂದ ದುಡ್ಡು ಹೋಗುತ್ತದೆ ಎಂದು ಒಂದೊಂದಾಗಿ ನೋಡೋಣ.

"ಇನ್ಶೂರೆನ್ಸ್ ಇಲ್ಲ ಅಂದ್ರೆ ದುಡ್ಡು ಬರಲ್ಲ, ಬಿಟ್ಬಿಡಿ"

ತಪ್ಪು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ತಪ್ಪಿತಸ್ಥರ ಪರವಾಗಿ ಕಂಪನಿ ಹಣ ಕೊಡುತ್ತದೆ. ಅದು ಇಲ್ಲದಿದ್ದರೆ ಹೊಣೆ ಮಾಯವಾಗುವುದಿಲ್ಲ. ಗಾಡಿ ಓಡಿಸಿದವರು ಮತ್ತು ಅದರ ಮಾಲೀಕರು ತಮ್ಮ ಜೇಬಿನಿಂದಲೇ ಕೊಡಬೇಕಾಗುತ್ತದೆ.

ಮಾಲೀಕರು ಎಂದರೆ ಯಾರು? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರು. ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಗಾಡಿ ನಾಲ್ಕು ಕೈ ಬದಲಾಗಿದ್ದರೂ ನೋಂದಣಿ ಬದಲಾಗದಿದ್ದರೆ ಕಾನೂನಿನ ಕಣ್ಣಿಗೆ ಹಳೆಯ ಹೆಸರಿನವರೇ ಮಾಲೀಕರು. ಬೈಕ್ ಮಾರಿ, ಆರ್‌ಸಿ ವರ್ಗಾವಣೆ ಮಾಡಿಸದೆ ಸುಮ್ಮನಿರುವವರು ಇದನ್ನು ಎರಡು ಸಲ ಓದಿಕೊಳ್ಳಿ.

"ಇನ್ಶೂರೆನ್ಸ್ ಇಲ್ಲದವರದೇ ತಪ್ಪು"

ಇದೂ ಸರಿಯಲ್ಲ. "ದೊಡ್ಡ ಗಾಡಿಯವರದೇ ತಪ್ಪು" ಎಂಬ ಮಾತೂ ಅಷ್ಟೆ. ಅಪಘಾತ ಯಾರ ನಿರ್ಲಕ್ಷ್ಯದಿಂದ ಆಯಿತು ಎಂಬುದು ಒಂದು ಪ್ರಶ್ನೆ, ಇನ್ಶೂರೆನ್ಸ್ ಇತ್ತೇ ಎಂಬುದು ಬೇರೆ ಪ್ರಶ್ನೆ. ನೀವು ರಿವರ್ಸ್ ತೆಗೆಯುವಾಗ ನಿಂತಿದ್ದ ಬೈಕಿಗೆ ತಾಗಿಸಿದರೆ, ಆ ಬೈಕಿಗೆ ಇನ್ಶೂರೆನ್ಸ್ ಇಲ್ಲದಿದ್ದರೂ ತಪ್ಪು ನಿಮ್ಮದೇ.

"ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಬೇಕಿಲ್ಲ"

ಬೇಕು. ಮೋಟಾರು ವಾಹನ ಕಾಯ್ದೆ, 1988ರ 146ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ಮೋಟಾರು ವಾಹನಕ್ಕೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಹೊಲದಿಂದ ಎಪಿಎಂಸಿಗೆ ಬರುವ ಟ್ರ್ಯಾಕ್ಟರ್‌ಗೂ ಇದು ಅನ್ವಯ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ಸಣ್ಣ ಎಲೆಕ್ಟ್ರಿಕ್ ಸ್ಕೂಟರ್‌ಗಳು ನಿಯಮದ ಪ್ರಕಾರ 'ಮೋಟಾರು ವಾಹನ' ಅಲ್ಲ.

2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ 5 ವರ್ಷ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಪಾಲಿಸಿ ಖರೀದಿಯ ಹೊತ್ತಿಗೇ ಬರುತ್ತದೆ. ಆ ಅವಧಿ ಮುಗಿದ ಮೇಲೆ ನವೀಕರಿಸುವುದು ಮಾಲೀಕರ ಕೈಯಲ್ಲಿದೆ, ಮರೆಯುವುದೂ ಅಲ್ಲೇ.

"ಅವರಿಗೆ ಬೀಳುವ ದಂಡ ನಮಗೆ ಸಿಗುತ್ತೆ"

ಇಲ್ಲ. ಇನ್ಶೂರೆನ್ಸ್ ಇಲ್ಲದೆ ಗಾಡಿ ಓಡಿಸಿದರೆ 196ನೇ ಸೆಕ್ಷನ್‌ನಲ್ಲಿ ಮೊದಲ ಸಲ 2,000 ರೂ., ಮತ್ತೆ ಸಿಕ್ಕಿಬಿದ್ದರೆ 4,000 ರೂ. ದಂಡ ಇದೆ. 3 ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ. ಹಾಗೆಯೇ ಗುದ್ದಿ ಓಡಿಹೋದ ಪ್ರಕರಣಗಳಿಗೆ ಸರ್ಕಾರ ಕೊಡುವ ಪರಿಹಾರ (ಸಾವಿಗೆ 2 ಲಕ್ಷ ರೂ., ತೀವ್ರ ಗಾಯಕ್ಕೆ 50,000 ರೂ.) ಮನುಷ್ಯರಿಗೆ ಆದ ಹಾನಿಗೆ ಮಾತ್ರ. ಕಾರಿನ ಬಂಪರ್‌ಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ.

"ಕೀ ಕಿತ್ಕೊಳ್ಳಿ, ದುಡ್ಡು ತಾನಾಗೇ ಬರುತ್ತೆ"

ಅಪಾಯದ ಸಲಹೆ. ಖಾಸಗಿ ವ್ಯಕ್ತಿಗೆ ಇನ್ನೊಬ್ಬರ ಕೀ, ಮೊಬೈಲ್, ಡಿಎಲ್ ಕಿತ್ತುಕೊಳ್ಳುವ ಅಧಿಕಾರವಿಲ್ಲ. ಕೈ ಮಾಡಿದರೆ ಕೇಸು ನಿಮ್ಮ ಮೇಲೇ ಬೀಳುತ್ತದೆ. ಮಾತು ಬೆಳೆಯುತ್ತಿದೆ ಅನಿಸಿದರೆ 112ಕ್ಕೆ ಕರೆ ಮಾಡಿ.

ಸ್ಥಳದಲ್ಲೇ ಮಾಡಬೇಕಾದ್ದು

ಮೊದಲು ಯಾರಿಗಾದರೂ ಪೆಟ್ಟಾಗಿದೆಯೇ ನೋಡಿ. ಪೆಟ್ಟಾಗಿದ್ದರೆ ಆಸ್ಪತ್ರೆ ಮೊದಲು, ಕಾರು ಆಮೇಲೆ. ಪೆಟ್ಟಿಲ್ಲದಿದ್ದರೆ ಗಾಡಿ ಸರಿಸುವ ಮುನ್ನ ಫೋಟೊ ತೆಗೆಯಿರಿ: ಎರಡೂ ಗಾಡಿ ನಿಂತಿರುವ ರೀತಿ, ನಂಬರ್ ಪ್ಲೇಟ್, ಹಾನಿ, ಸುತ್ತಲಿನ ರಸ್ತೆ. ಎದುರಿನ ಅಂಗಡಿಯಲ್ಲಿ ಸಿಸಿಟಿವಿ ಇದೆಯೇ ಗಮನಿಸಿ. ನೋಡಿದ ಒಬ್ಬಿಬ್ಬರ ಫೋನ್ ನಂಬರ್ ಪಡೆಯಿರಿ.

ಆಮೇಲೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಇನ್ಶೂರೆನ್ಸ್ ಎಂದಿನವರೆಗೆ ಇದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮೊಳಕಾಲ್ಮುರು ಕಡೆ ಇದು ಹೆಚ್ಚು ಉಪಯೋಗ, ಏಕೆಂದರೆ ರಾಯದುರ್ಗ ಪಕ್ಕದಲ್ಲೇ ಇರುವುದರಿಂದ ಆಂಧ್ರ ನೋಂದಣಿಯ ಗಾಡಿಗಳೂ ಅಲ್ಲಿ ಓಡಾಡುತ್ತವೆ. "ಇಲ್ಲ" ಎಂದವರಿಗೆ ಪಾಲಿಸಿ ಇರಲೂಬಹುದು, ಅಪ್ಪನೋ ಅಣ್ಣನೋ ಕಟ್ಟಿರುತ್ತಾರೆ. ಹಾಗಿದ್ದರೆ ಇಡೀ ಲೆಕ್ಕವೇ ಬದಲಾಗುತ್ತದೆ.

ಇನ್ನೊಂದು ವಿಷಯ. ಬೇರೆಯವರ ಆಸ್ತಿಗೆ ಹಾನಿಯಾದರೂ, ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ, 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸುವುದು ಚಾಲಕರ ಕರ್ತವ್ಯ ಎಂದು 134ನೇ ಸೆಕ್ಷನ್ ಹೇಳುತ್ತದೆ.

ಸ್ವಂತ ಇನ್ಶೂರೆನ್ಸ್‌ನಲ್ಲಿ ಕ್ಲೇಮ್ ಮಾಡಬೇಕೆ?

ನಿಮ್ಮದು ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಆಗಿದ್ದರೆ ನಿಮ್ಮ ಕಾರಿನ ಹಾನಿಗೆ ಏನೂ ಸಿಗುವುದಿಲ್ಲ. 'ಓನ್ ಡ್ಯಾಮೇಜ್' ಸೇರಿದ ಪಾಲಿಸಿ ಇದ್ದರೆ, ತಪ್ಪು ಯಾರದೇ ಆಗಿರಲಿ, ಕ್ಲೇಮ್ ಮಾಡಬಹುದು. ಆದರೆ ಮೊದಲು ಲೆಕ್ಕ ಹಾಕಿ.

ಬಂಪರ್‌ಗೆ 4,000 ರೂ., ಕೂಲಿ ಮತ್ತು ಬಣ್ಣಕ್ಕೆ 2,000 ರೂ. ಎಂದುಕೊಳ್ಳೋಣ. ಝೀರೋ ಡೆಪ್ರಿಸಿಯೇಷನ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಮಾತ್ರ, ಅಂದರೆ 2,000 ರೂ. ಸಿಗುತ್ತದೆ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ನಲ್ಲೂ 1,000 ರೂ. ನಿಮ್ಮ ಪಾಲು. ಎಲ್ಲ ಕಳೆದು ಕಂಪನಿ ಕೊಡುವುದು ಹೆಚ್ಚೆಂದರೆ ಸುಮಾರು 3,000 ರೂ.

ಈಗ ಕಳೆದುಕೊಳ್ಳುವುದನ್ನು ನೋಡಿ. ಒಂದು ಕ್ಲೇಮ್ ಆದರೆ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ. ಈ ಬೋನಸ್ ವರ್ಷದಿಂದ ವರ್ಷಕ್ಕೆ ಶೇ 20, 25, 35, 45, 50 ಎಂದು ಏರುವಂಥದ್ದು. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 8,000 ರೂ. ಇದ್ದು, ಮುಂದಿನ ವರ್ಷ ಶೇ 45ರ ರಿಯಾಯಿತಿ ಸಿಗಬೇಕಿತ್ತು ಎಂದರೆ ಹೋಗುವುದು 3,600 ರೂ. ಅದರ ನಂತರದ ವರ್ಷಗಳಲ್ಲೂ ನಷ್ಟ ಮುಂದುವರಿಯುತ್ತದೆ. ಇಷ್ಟು ಸಣ್ಣ ಹಾನಿಗೆ ಕ್ಲೇಮ್ ಮಾಡುವುದು ನಷ್ಟದ ವ್ಯವಹಾರ. ರಿಪೇರಿ 20,000 ರೂ. ದಾಟಿದರೆ ಲೆಕ್ಕ ಸಾಮಾನ್ಯವಾಗಿ ಕ್ಲೇಮ್ ಕಡೆಗೆ ವಾಲುತ್ತದೆ.

ರಾಜಿ ಮಾಡಿಕೊಳ್ಳುವುದಾದರೆ

ಸಣ್ಣ ಹಾನಿಗೆ ರಾಜಿಯೇ ಹೆಚ್ಚಿನವರ ದಾರಿ, ಅದರಲ್ಲಿ ತಪ್ಪೇನಿಲ್ಲ. ಗ್ಯಾರೇಜ್‌ನಿಂದ ಅಂದಾಜು ಪಟ್ಟಿ ಬರೆಸಿ, ಅದರ ಮೇಲೆ ಮಾತಾಡಿ. ಎರಡೂ ಕಡೆಯ ಹೆಸರು, ಗಾಡಿ ನಂಬರ್, ದಿನಾಂಕ, ಮೊತ್ತ, ಕಂತುಗಳಿದ್ದರೆ ಅವುಗಳ ತಾರೀಖು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಹಣವನ್ನು ಯುಪಿಐ ಮೂಲಕ ಪಡೆದರೆ ದಾಖಲೆ ಉಳಿಯುತ್ತದೆ. "ಪೂರ್ತಿ ಹಣ ಬಂದಿದೆ" ಎಂದು ಹಣ ಬಂದ ಮೇಲಷ್ಟೇ ಬರೆದುಕೊಡಿ. ಇನ್ಶೂರೆನ್ಸ್ ಕ್ಲೇಮ್ ಮಾಡುವ ಯೋಚನೆಯಿದ್ದರೆ ಕಂಪನಿಯನ್ನು ಕೇಳದೆ ರಾಜಿ ಪತ್ರಕ್ಕೆ ಸಹಿ ಹಾಕಬೇಡಿ. ತಪ್ಪಿತಸ್ಥರಿಂದ ಹಣ ವಸೂಲಿ ಮಾಡುವ ಕಂಪನಿಯ ಹಕ್ಕಿಗೆ ಅದು ಅಡ್ಡ ಬರುತ್ತದೆ.

ಎದುರಿನವರು ದಿನಗೂಲಿಯವರಾಗಿದ್ದರೆ ಒಂದೇ ಸಲ 6,000 ರೂ. ಕೇಳಿದರೆ ಒಂದು ರೂಪಾಯಿಯೂ ಬರದೇ ಹೋಗಬಹುದು. ಮೂರು ಕಂತಿಗೆ ಒಪ್ಪಿದರೆ ಬರುವ ಸಾಧ್ಯತೆ ಹೆಚ್ಚು.

ರಾಜಿಗೆ ಒಪ್ಪದಿದ್ದರೆ

ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ಶೂರೆನ್ಸ್ ಇಲ್ಲದ ಗಾಡಿಯನ್ನು ಪೊಲೀಸರು ವಶಕ್ಕೆ ಪಡೆದರೆ, ಮಾಲೀಕರು ಪರಿಹಾರಕ್ಕೆ ಸಾಕಾಗುವ ಭದ್ರತೆ ಕೊಡದೆ ನ್ಯಾಯಾಲಯ ಅದನ್ನು ಬಿಡುಗಡೆ ಮಾಡುವಂತಿಲ್ಲ. 2022ರಲ್ಲಿ ಜಾರಿಗೆ ಬಂದ ಕೇಂದ್ರ ನಿಯಮದಲ್ಲಿ ಆಸ್ತಿ ಹಾನಿಯೂ ಸೇರಿದೆ. ಇಷ್ಟು ಗೊತ್ತಾದರೆ ಅನೇಕರು ಮತ್ತೆ ಮಾತುಕತೆಗೆ ಬರುತ್ತಾರೆ.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಆಸ್ತಿ ಹಾನಿಗೂ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ 6 ತಿಂಗಳ ಗಡುವಿದೆ. ಅಪಘಾತ ನಡೆದ ಕಡೆ ಮಾತ್ರವಲ್ಲ, ನೀವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಹಾಗಾಗಿ ಆಂಧ್ರದ ಗಾಡಿ ಎಂದು ರಾಯದುರ್ಗಕ್ಕೆ ಅಲೆಯಬೇಕಿಲ್ಲ. ಇದಕ್ಕೂ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಲೋಕ ಅದಾಲತ್‌ಗೆ ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆಯಿದೆ.

ತೀರ್ಮಾನ

ಇನ್ಶೂರೆನ್ಸ್ ಇಲ್ಲದವರು ಹಣ ಕೊಡಬೇಕಿಲ್ಲ ಎಂಬುದು ಸುಳ್ಳು. ಕೊಡಬೇಕಾದವರಿಂದ ಅದು ಕೈಗೆ ಬರುತ್ತದೆಯೇ ಎಂಬುದು ಮೊದಲ ಅರ್ಧ ಗಂಟೆಯಲ್ಲಿ ನೀವು ತೆಗೆದ ಫೋಟೊ, ಬರೆಸಿಕೊಂಡ ಕಾಗದದ ಮೇಲೆ ನಿಂತಿದೆ.

ಇದನ್ನು ಫಾರ್ವರ್ಡ್ ಮಾಡುವ ಮುನ್ನ ನಿಮ್ಮದೇ ಗಾಡಿ ನಂಬರನ್ನು ಆ್ಯಪ್‌ನಲ್ಲಿ ಒಮ್ಮೆ ಹಾಕಿ ನೋಡಿ. 2022ರ ಜೂನ್‌ನಲ್ಲಿ ಜಾರಿಯಾದ ದರಪಟ್ಟಿಯಲ್ಲಿ 75ರಿಂದ 150 ಸಿಸಿ ಬೈಕಿನ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ, ತೆರಿಗೆ ಬಿಟ್ಟು, 714 ರೂ. ಮೇಲಿನ ಉದಾಹರಣೆಯ ಬೈಕಿನವರು ಅದನ್ನು ಕಟ್ಟಿದ್ದರೆ 6,000 ರೂ. ಚಿಂತೆ ಅವರದಾಗಿರುತ್ತಿರಲಿಲ್ಲ.