ಮುಚ್ಚಿದ ಆಕಾಶ, ಏರಿದ ಟಿಕೆಟ್ ದರ

2025ರ ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಅಮೆರಿಕಕ್ಕೆ ಹೊರಟ ಏರ್ ಇಂಡಿಯಾದ ಕೆಲವು ವಿಮಾನಗಳು ಸುತ್ತುದಾರಿ ಹಿಡಿದು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಈ ಸುತ್ತಿನ ಭಾರ ಕೊನೆಗೆ ಪ್ರಯಾಣಿಕನ ಮೇಲೆಯೇ ಬೀಳುತ್ತದೆ. ಆ ನಿಷೇಧವು ವಿದೇಶೀ ಕಂಪನಿಗಳಿಗೆ ಇರಲಿಲ್ಲವಾದ್ದರಿಂದ ಕೊಲ್ಲಿಯ ಮಾರ್ಗ ಸುಗಮವೆನಿಸಿತು. ಆದರೆ ಅದೇ ವರ್ಷ ಜೂನ್ 23ರಂದು ಕತಾರ್ ಕೂಡ ಕೆಲವು ಗಂಟೆಗಳ ಕಾಲ ತನ್ನ ಆಕಾಶವನ್ನು ಮುಚ್ಚಿತು.

ಬೆಲೆ ಬೇರೆ, ಮೌಲ್ಯ ಬೇರೆ ಎಂಬುದು ತತ್ತ್ವಶಾಸ್ತ್ರದ ಹಳೆಯ ಪಾಠ. ಟಿಕೆಟ್ ಕೊಳ್ಳುವಾಗಲೂ ಅದು ಸಲ್ಲುತ್ತದೆ. ಗುತ್ತಲಿನಿಂದ ಲಂಡನ್ನಿನಲ್ಲಿರುವ ಮಗಳ ಬಾಣಂತನಕ್ಕೆ ಹೊರಡುವ ತಾಯಿಗೆ ಬೆಂಗಳೂರು–ದುಬೈ ಒಂದು ಟಿಕೆಟ್, ದುಬೈ–ಲಂಡನ್ ಬೇರೊಂದು ಟಿಕೆಟ್ ಕೊಂಡರೆ ಕೆಲವು ಸಾವಿರ ಉಳಿದಂತೆ ಕಾಣಬಹುದು. ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿಯವರು ಆಕೆಯನ್ನು ಬಾರದವಳೆಂದೇ ಎಣಿಸುವರು. ಹೊಸ ಟಿಕೆಟ್ ಆ ದಿನದ ದರಕ್ಕೆ. ಒಂದೇ ಟಿಕೆಟ್ಟಿನಲ್ಲಿ ಪೂರ್ಣ ಪ್ರಯಾಣವಿದ್ದರೆ ಮುಂದಿನ ವಿಮಾನ ಹತ್ತಿಸುವ ಹೊಣೆ ಕಂಪನಿಯದು. ಆದ್ದರಿಂದ ನಾವು ಎರಡನೆಯದನ್ನೇ ಅಗ್ಗವೆನ್ನುತ್ತೇವೆ.

ಕಂಪನಿಯೇ ವಿಮಾನ ರದ್ದುಪಡಿಸಿದರೆ ಬದಲಿ ವಿಮಾನ ಅಥವಾ ಹಣ ವಾಪಸು ಕೇಳುವುದು ಪ್ರಯಾಣಿಕರ ಹಕ್ಕು. ಏಜೆಂಟರಿಂದ ರಸೀದಿ ಪಡೆಯದೆ ಹಣ ಕೊಡಬಾರದು. ರಾಗಿಹಿಟ್ಟು, ಉಪ್ಪಿನಕಾಯಿ ಹೊತ್ತೊಯ್ಯುವ ನಮ್ಮ ಜನ ಲಗೇಜಿನ ಮಿತಿಯನ್ನೂ ದರದೊಡನೆ ಕೂಡಿಸಿ ನೋಡಲಿ. ಕ್ರಿಸ್ತಜಯಂತಿಗೆ ಮಕ್ಕಳನ್ನು ಊರಿಗೆ ಕರೆಸುವವರು ಡಿಸೆಂಬರ್ ನೂಕುನುಗ್ಗಲಿಗೆ ಕಾಯದೆ ಮಳೆಗಾಲದಲ್ಲೇ ವಿಚಾರಿಸುವುದು ಒಳಿತು.