ಹಿಂದಿರುಗುವ ಗಂಟೆ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರ ಬಂದಿತು. ಮುಂದಿನ ತಿಂಗಳು ನಾಲ್ವರು ಗೆಳೆಯರು ಸೇರಿ ಕುದುರೆಮುಖ ಶಿಖರವನ್ನು ಹತ್ತಿ ಅಂದೇ ಇಳಿಯುವವರಿದ್ದಾರಂತೆ. "ತಾವೂ ಒಮ್ಮೆ ಹತ್ತಿದ್ದನ್ನು ತರಗತಿಯಲ್ಲಿ ಹೇಳಿದ್ದಿರಿ ಸರ್. ಎಂಥ ಬೂಟು ಬೇಕು, ಏನೇನು ಒಯ್ಯಬೇಕು, ದಯವಿಟ್ಟು ತಿಳಿಸಿ" ಎಂದು ಕೇಳಿದ್ದಾನೆ. ಬೂಟಿನ ವಿಚಾರ ನನಗಿಂತ ಅಂಗಡಿಯವನಿಗೇ ಚೆನ್ನಾಗಿ ಗೊತ್ತು. ಇನ್ನು ತರಗತಿಯಲ್ಲಿ ಹೇಳಿದ ಕಥೆ. ಅದು ನಿಜವೇ, ಆದರೆ ಅಂದು ಅರ್ಧವನ್ನು ಮಾತ್ರ ಹೇಳಿದ್ದೆ.

ಅದು 2003ರ ಡಿಸೆಂಬರ್. ನಾವು ನಾಲ್ವರು ಉಪಾಧ್ಯಾಯರು, ಎಲ್ಲರೂ ಐವತ್ತರ ಆಸುಪಾಸಿನವರು. ಕಳಸದಲ್ಲಿ ನೀರುದೋಸೆಯ ಮೋಹಕ್ಕೆ ಬಿದ್ದು ತಡಮಾಡಿ, ಬಾಳೆಗಲ್ಲಿನಿಂದ ಜೀಪು ಹಿಡಿದು ಮುಳ್ಳೋಡಿ ತಲುಪಿ, ನಡಿಗೆ ಆರಂಭಿಸುವಾಗ ಒಂಬತ್ತೂವರೆಯಾಗಿತ್ತು. ಹೋಗಿಬರಲು ಒಟ್ಟು ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ. ಶಿಖರದ ಎತ್ತರ ಸುಮಾರು 1,890 ಮೀಟರ್. ದಾರಿ ತೋರಿಸಲು ಬಂದಿದ್ದ ಊರಿನ ಹುಡುಗ ಹೊರಡುವ ಮುನ್ನವೇ, "ಒಂದು ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಸಾರ್" ಎಂದಿದ್ದ. ನಾವು ತಲೆಯಾಡಿಸಿದ್ದೆವು.

ಆ ಬೆಟ್ಟದ ಸೊಬಗನ್ನು ನಾನು ವರ್ಣಿಸಬೇಕಾಗಿಲ್ಲ. ಬೋಳು ಏಣುಗಳ ಮೇಲೆ ಗಾಳಿಗೆ ಅಲೆಯಾಡುವ ಹುಲ್ಲು, ಕಣಿವೆಯ ಮಡಿಲಿನಲ್ಲಿ ಕಪ್ಪಗೆ ಮುದುಡಿ ಕುಳಿತ ಶೋಲಾ ಕಾಡು, ಅದರೊಳಗೆ ಹಗಲಿನಲ್ಲೂ ಸಂಜೆಯ ಬೆಳಕು. ಕಬ್ಬಿಣದ ಅದಿರಿನ ಗಣಿ ಆಗಿನ್ನೂ ನಡೆಯುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಅದು ನಿಂತದ್ದು 2005ರ ಕೊನೆಗೆ.

ಒಂದು ಗಂಟೆಗೆ ನಾವಿದ್ದದ್ದು ಕೊನೆಯ ಏರಿನ ಬುಡದಲ್ಲಿ. ಹುಡುಗ ನಿಂತ. ಗಣಿತದ ಮೇಷ್ಟ್ರು ಒಂದು ಬಂಡೆಯ ಮೇಲೆ ಕುಳಿತು ಮೊಣಕಾಲು ಒತ್ತಿಕೊಳ್ಳುತ್ತ, "ನನಗಿಷ್ಟು ಸಾಕು ಮಾರಾಯರೆ, ನೋಡಿದ್ದಾಯಿತಲ್ಲ" ಎಂದರು. ಆಗ ನಾನು ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ. "ಮಕ್ಕಳಿಗೆ ಹೋಗಿ ಏನು ಹೇಳುತ್ತೀರಿ? ಅರ್ಧಕ್ಕೆ ಬಿಟ್ಟು ಬಂದೆವೆಂದೆ?" ಅವರು ಮರುಮಾತಾಡದೆ ಎದ್ದರು. ಕಾಲಿಗೆ ಶಕ್ತಿ ಬಂದು ಎದ್ದದ್ದಲ್ಲ, ನಾಚಿಕೆಯಿಂದ ಎದ್ದದ್ದು. ಅದು ನನಗೆ ಆಗಲೇ ತಿಳಿದಿತ್ತು.

ಶಿಖರದಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ. ಆಗ ಎರಡೂಮುಕ್ಕಾಲು. ತರಗತಿಯಲ್ಲಿ ನಾನು ಹೇಳಿದ ಕಥೆ ಮುಗಿದದ್ದು ಇಲ್ಲಿಗೆ. ಇಳಿಯುವಾಗ ಗಣಿತದ ಮೇಷ್ಟ್ರ ಮೊಣಕಾಲು ಪೂರ್ತಿ ಕೈಕೊಟ್ಟಿತು. ಶೋಲಾ ಕಾಡನ್ನು ಹೊಗುವ ಹೊತ್ತಿಗೆ ಕತ್ತಲು. ನಾಲ್ವರ ನಡುವೆ ಇದ್ದದ್ದು ಒಂದೇ ಟಾರ್ಚು. ಹುಡುಗ ಅದನ್ನು ನಮಗೇ ಬಿಟ್ಟು, ಕತ್ತಲಲ್ಲೇ ಕೆಳಗೆ ಓಡಿ ಮನೆಗಳಿಂದ ಜನರನ್ನು ಕರೆತಂದ. ಗಳುವಿಗೆ ಕಂಬಳಿ ಕಟ್ಟಿ, ಅದರಲ್ಲಿ ಅವರನ್ನು ಹೊತ್ತು ಮುಳ್ಳೋಡಿ ಮುಟ್ಟಿಸಿದಾಗ ರಾತ್ರಿ ಹತ್ತೂವರೆ. ಹೊತ್ತವರು ಹಣ ಮುಟ್ಟಲಿಲ್ಲ. ಒಬ್ಬಾತ ಮಾತ್ರ, "ಓದಿಸುವವರಲ್ಲವಾ ನೀವು" ಎಂದ. ಅಷ್ಟೇ.

ಮೂವತ್ತು ವರ್ಷ ನಾನು ಎವರೆಸ್ಟ್ ಪಾಠ ಮಾಡಿದೆ. ತೇನ್ಸಿಂಗ್, ಹಿಲರಿ, 1953ರ ಮೇ 29. ನಿಮಗೆಲ್ಲ ಬಾಯಿಪಾಠ ಮಾಡಿಸಿದೆ. ಅದಕ್ಕೆ ಮೂರು ದಿನ ಮೊದಲು, ಅದೇ ತಂಡದ ಬೋರ್ಡಿಲನ್ ಮತ್ತು ಇವಾನ್ಸ್ ದಕ್ಷಿಣ ಶಿಖರದವರೆಗೆ ಹೋಗಿದ್ದರು. ತುದಿ ಇನ್ನು ನೂರು ಮೀಟರಿನಷ್ಟು ಮೇಲಿತ್ತು. ಅದುವರೆಗೆ ಮನುಷ್ಯರಾರೂ ಅಷ್ಟೆತ್ತರಕ್ಕೆ ಏರಿದ್ದು ದಾಖಲಾಗಿರಲಿಲ್ಲ. ಹೊತ್ತು ಮೀರಿತ್ತು, ಆಮ್ಲಜನಕದ ಉಪಕರಣ ತೊಂದರೆ ಕೊಟ್ಟಿತ್ತು. ಅವರು ತಿರುಗಿ ಬಂದರು, ಬದುಕಿ ಉಳಿದರು. ಈ ಇಬ್ಬರ ಹೆಸರನ್ನು ನಾನು ಒಂದು ದಿನವೂ ಕರಿಹಲಗೆಯ ಮೇಲೆ ಬರೆಯಲಿಲ್ಲ. ಮುಟ್ಟಿದವರನ್ನಷ್ಟೇ ಹೊಗಳಿ, ಮರಳಿದವರನ್ನು ಪಾಠದಿಂದಲೇ ಬಿಟ್ಟುಬಿಡುವ ನಮ್ಮ ಶಿಕ್ಷಣಕ್ರಮವೇ ಅಂದು ನನ್ನ ಬಾಯಿಂದ ಆ ಮಾತನ್ನಾಡಿಸಿತು ಎನ್ನುವುದು ನನ್ನ ಅಭಿಪ್ರಾಯ. ಇದು ನನ್ನ ತಪ್ಪಿಗೆ ಸಮಜಾಯಿಷಿಯಲ್ಲ, ತಪ್ಪು ನನ್ನದೇ.

ಈಗ ಅರಣ್ಯ ಇಲಾಖೆಯವರು ದಿನಕ್ಕೆ ಇಂತಿಷ್ಟೇ ಜನರನ್ನು ಬಿಡುತ್ತಾರೆ, ಕತ್ತಲಾಗುವ ಮೊದಲೇ ಇಳಿದು ಬರಬೇಕೆನ್ನುತ್ತಾರೆ, ಮೇಲೆ ತಂಗಲು ಒಪ್ಪುವುದಿಲ್ಲ. ನಿಮ್ಮಲ್ಲಿ ಕೆಲವರು ಇದನ್ನು ದೂರಿ ಬರೆದಿದ್ದೀರಿ. ನಾನಂತೂ ಇಲಾಖೆಯ ಪಕ್ಷ. ಇರುಳಿನಲ್ಲಿ ಆ ಬೆಟ್ಟ ಕಾಟಿ ಕಡವೆಗಳಿಗೆ ಸೇರಿದ್ದು. ಆದರೆ ನಿಯಮದ ಅಧಿಕಾರ ಗೇಟಿನಲ್ಲಿ ಮಾತ್ರ. ಏಣಿನ ಮೇಲೆ ಇರುವವರು ನಾಲ್ವರು ಗೆಳೆಯರೇ, ಮತ್ತು ಗೆಳೆಯರ ನಡುವೆ 'ಸಾಕು' ಎಂಬ ಮಾತನ್ನು ಮೊದಲು ಆಡಲು ಯಾರಿಗೂ ಬಾಯಿ ಬರುವುದಿಲ್ಲ. ಏರುವಾಗ ಸೋಲುವುದು ಉಸಿರು. ಕುಳಿತರೆ ಮರಳಿ ಬರುತ್ತದೆ. ಇಳಿಯುವಾಗ ಸೋಲುವುದು ತೊಡೆ, ಮೊಣಕಾಲು. ಅವು ಹಾಗೆ ಮರಳುವುದಿಲ್ಲ. ಆದ್ದರಿಂದ ತಿರುಗುವ ಗಂಟೆಯನ್ನು ಬೆಟ್ಟದ ಮೇಲೆ ಚರ್ಚಿಸಬಾರದು. ಹಿಂದಿನ ರಾತ್ರಿಯೇ, ಊಟದ ಎಲೆಯ ಮುಂದೆ, ಗೊತ್ತುಮಾಡಿರಬೇಕು.

ಗಣಿತದ ಮೇಷ್ಟ್ರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಜಗುಲಿಯ ಎರಡು ಮೆಟ್ಟಿಲು ಹತ್ತಲು ಕಂಬ ಹಿಡಿಯುತ್ತಾರೆ. ಕಳೆದ ದಸರೆಯಲ್ಲಿ, ಇಷ್ಟು ವರ್ಷಗಳ ಮೇಲೆ, ಆ ಮಾತನ್ನೆತ್ತಿ ಕ್ಷಮೆ ಕೇಳಿದೆ. ಅವರು ಚಕ್ಕುಲಿ ಮುರಿಯುತ್ತ, "ನಾನೂ ಬೇಡವೆಂದು ಗಟ್ಟಿಯಾಗಿ ಹೇಳಲಿಲ್ಲವಲ್ಲ" ಎಂದರು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ವಿದ್ಯಾರ್ಥಿಗೆ ಉತ್ತರ ಬರೆದಿದ್ದೇನೆ. ತಲೆಗೊಂದು ಟಾರ್ಚು ಒಯ್ಯಿರಿ, ನೀರು ಹೆಚ್ಚಿರಲಿ, ನಸುಕಿನಲ್ಲೇ ಹೊರಡಿ, ನೀರುದೋಸೆ ಮರುದಿನಕ್ಕಿರಲಿ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೇನೆ: ನಿಮ್ಮ ನಾಲ್ವರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನು ಯಾರು? ಗಂಟೆ ಗೊತ್ತುಮಾಡುವ ಅಧಿಕಾರವನ್ನು ಅವನಿಗೆ ಕೊಟ್ಟು, ಎಷ್ಟು ಗಂಟೆಯೆಂದು ನನಗೆ ಬರೆದು ತಿಳಿಸು. ಉತ್ತರ ಇನ್ನೂ ಬಂದಿಲ್ಲ.